ಜೀವಕೋಶದ ಉಸಿರಾಟ ಮತ್ತು ಕ್ಯಾನ್ಸರ್: ಓಟೊ ವಾರ್ಬರ್ಗ್ ಅವರ ಸಂಶೋಧನೆಯನ್ನು ಬೋಧಿಸುವ ಬಗೆ

ಪಾಠದ ಉದ್ದೇಶ

ವಿಜ್ಞಾನ ಪಠ್ಯಪುಸ್ತಕಗಳಲ್ಲಿ ಜೀವಕೋಶದ ಅಧ್ಯಾಯ ಬಂದಾಗ ಮೈಟೋಕಾಂಡ್ರಿಯಕ್ಕೆ ಸಾಮಾನ್ಯವಾಗಿ ದೊರೆಯುವುದು ಒಂದು ಚಿತ್ರ ಮತ್ತು ಒಂದು ವಾಕ್ಯ: ಅದು ಜೀವಕೋಶದ ಶಕ್ತಿಕೇಂದ್ರ. ವಿದ್ಯಾರ್ಥಿಗಳು ಆ ವಾಕ್ಯವನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಈ ಶಕ್ತಿಕೇಂದ್ರದ ಕೆಲಸವನ್ನು ಅಳೆದು ನೋಡಿದವರು ಯಾರು, ಹೇಗೆ ಅಳೆದರು, ಆ ಅಳತೆಯಿಂದ ಏನನ್ನು ಊಹಿಸಿದರು ಎಂಬ ಪ್ರಶ್ನೆಗಳು ತರಗತಿಯಲ್ಲಿ ಏಳುವುದೇ ಇಲ್ಲ.

ಇನ್ನೊಂದು ಕಡೆ, ಕ್ಯಾನ್ಸರ್ ಎಂಬ ಪದ ಇಂದು ಯಾವ ಊರಿಗೂ ಹೊಸದಲ್ಲ. ಮನೆಯಲ್ಲೊಬ್ಬರಿಗೆ ಕಾಯಿಲೆ ಬಂದಾಗ ಹಲವು ಬಗೆಯ ಸಲಹೆಗಳು ಬಾಗಿಲಿಗೆ ಬರುತ್ತವೆ. ಸಕ್ಕರೆ ಬಿಟ್ಟರೆ ಗಡ್ಡೆ ಕರಗುತ್ತದೆ, ಕ್ಷಾರೀಯ ನೀರು ಕುಡಿದರೆ ಕ್ಯಾನ್ಸರ್ ಬದುಕುವುದಿಲ್ಲ, ಇದಕ್ಕೆ ನೊಬೆಲ್ ಬಹುಮಾನವೇ ಬಂದಿದೆ ಎಂಬಂಥ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತವೆ. ಇವು ನಿಜವೇ ಎಂದು ಊರಿನವರು ಕೇಳುವುದು ಬಹುಮಟ್ಟಿಗೆ ಶಾಲೆಯ ವಿಜ್ಞಾನ ಶಿಕ್ಷಕರನ್ನು. ಇಂಥ ಸಂದೇಶಗಳ ಮೂಲದಲ್ಲಿ ನಿಜವಾದ ಒಂದು ಸಂಶೋಧನೆ ಇದೆ. ಆದರೆ ಅದರ ಅರ್ಧ ಭಾಗ ಮಾತ್ರ ಅವುಗಳಲ್ಲಿ ಉಳಿದಿದೆ. ಆ ಸಂಶೋಧನೆಯನ್ನು ಪೂರ್ಣವಾಗಿ ತಿಳಿದಿರುವ ಶಿಕ್ಷಕರು ಮಾತ್ರ ಸರಿಯಾದ ಉತ್ತರ ಕೊಡಬಲ್ಲರು.

ಈ ಪಾಠದಿಂದ ವಿದ್ಯಾರ್ಥಿಗಳು ಮೂರು ವಿಷಯಗಳನ್ನು ಅರಿಯಬೇಕು. ಒಂದು, ಜೀವಕೋಶವು ಗ್ಲೂಕೋಸಿನಿಂದ ಶಕ್ತಿ ಪಡೆಯುವ ಎರಡು ದಾರಿಗಳು. ಎರಡು, ಕ್ಯಾನ್ಸರ್ ಕೋಶಗಳಲ್ಲಿ ಆ ದಾರಿಗಳು ಹೇಗೆ ಬದಲಾಗುತ್ತವೆ ಎಂಬುದು. ಮೂರು, ವಿಜ್ಞಾನದಲ್ಲಿ ಅಳತೆ ಬೇರೆ, ಅಳತೆಯ ಮೇಲೆ ಕಟ್ಟಿದ ತೀರ್ಮಾನ ಬೇರೆ ಎಂಬ ವಿವೇಚನೆ. ಮೂರನೆಯದೇ ಈ ಪಾಠದ ಮುಖ್ಯ ಉದ್ದೇಶ.

ಗ್ಲೂಕೋಸಿನ ಎರಡು ದಾರಿಗಳು

ಉಸಿರಾಟ ಎಂದೊಡನೆ ವಿದ್ಯಾರ್ಥಿಗಳಿಗೆ ಮೂಗು ಮತ್ತು ಶ್ವಾಸಕೋಶ ನೆನಪಾಗುತ್ತವೆ. ಶ್ವಾಸಕೋಶದ ಕೆಲಸ ಆಮ್ಲಜನಕವನ್ನು ರಕ್ತಕ್ಕೆ ತಲುಪಿಸುವುದು. ಆ ಆಮ್ಲಜನಕ ಬಳಕೆಯಾಗುವುದು ಪ್ರತಿಯೊಂದು ಜೀವಕೋಶದೊಳಗೆ. ಈ ಎರಡನೆಯ ಕ್ರಿಯೆಯನ್ನು ಜೀವಕೋಶೀಯ ಉಸಿರಾಟ ಎಂದು ಬೇರ್ಪಡಿಸಿ ಹೇಳಿದ ಮೇಲೆಯೇ ಪಾಠವನ್ನು ಮುಂದುವರಿಸಬೇಕು.

ಗ್ಲೂಕೋಸು ಕೋಶದ್ರವದಲ್ಲಿ ಮೊದಲು ಎರಡು ತುಂಡಾಗುತ್ತದೆ. ಇದಕ್ಕೆ ಗ್ಲೈಕೋಲಿಸಿಸ್ ಎಂದು ಹೆಸರು. ಇದಕ್ಕೆ ಆಮ್ಲಜನಕ ಬೇಡ. ಒಂದು ಗ್ಲೂಕೋಸ್ ಅಣುವಿನಿಂದ ಇಲ್ಲಿ ದೊರೆಯುವ ನಿವ್ವಳ ಲಾಭ 2 ಎಟಿಪಿ. ಆಮ್ಲಜನಕ ಸಾಲದಿದ್ದಾಗ ಆ ತುಂಡುಗಳು ಲ್ಯಾಕ್ಟಿಕ್ ಆಮ್ಲವಾಗಿ ಕೋಶದಿಂದ ಹೊರಬೀಳುತ್ತವೆ. ವೇಗವಾಗಿ ಓಡುವವರ ಸ್ನಾಯುಗಳಲ್ಲಿ ನಡೆಯುವುದು ಇದು. ಹಾಲು ಮೊಸರಾಗುವಾಗ ಬ್ಯಾಕ್ಟೀರಿಯಗಳು ಮಾಡುವುದೂ ಬಹುಮಟ್ಟಿಗೆ ಇದೇ ಕೆಲಸ. ಇದು ಹುದುಗುವಿಕೆಯ ದಾರಿ.

ಆಮ್ಲಜನಕ ಇದ್ದಾಗ ಆ ತುಂಡುಗಳು ಮೈಟೋಕಾಂಡ್ರಿಯದೊಳಗೆ ಹೋಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುವವರೆಗೆ ಉತ್ಕರ್ಷಣಗೊಳ್ಳುತ್ತವೆ. ಹೀಗೆ ಪೂರ್ಣವಾಗಿ ಬಳಕೆಯಾದ ಒಂದು ಗ್ಲೂಕೋಸಿನಿಂದ ಸುಮಾರು 30ರಿಂದ 32 ಎಟಿಪಿ ದೊರೆಯುತ್ತದೆ. ಹಳೆಯ ಪುಸ್ತಕಗಳಲ್ಲಿ ಈ ಸಂಖ್ಯೆ 36 ಅಥವಾ 38 ಎಂದಿರುವುದುಂಟು. ತರಗತಿಯ ಪಠ್ಯದಲ್ಲಿರುವ ಸಂಖ್ಯೆಯನ್ನು ಪರೀಕ್ಷೆಗಾಗಿ ಉಳಿಸಿಕೊಂಡು, ನಂತರದ ಅಳತೆಗಳಿಂದ ಅದು ತಿದ್ದುಪಡಿಗೊಂಡಿದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಬಹುದು.

ಸಂಶೋಧಕರು ಮತ್ತು ಅವರ ಪ್ರಶ್ನೆ

ಓಟೊ ವಾರ್ಬರ್ಗ್ 1883ರಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಜನಿಸಿದರು. ತಂದೆ ಎಮಿಲ್ ವಾರ್ಬರ್ಗ್ ಹೆಸರಾಂತ ಭೌತವಿಜ್ಞಾನಿ. ಮಗ ಎಮಿಲ್ ಫಿಷರ್ ಅವರ ಬಳಿ ರಸಾಯನವಿಜ್ಞಾನ ಕಲಿತು 1906ರಲ್ಲಿ ಡಾಕ್ಟರೇಟ್ ಪಡೆದು, ಬಳಿಕ 1911ರಲ್ಲಿ ಹೈಡೆಲ್‌ಬರ್ಗಿನಲ್ಲಿ ವೈದ್ಯ ಪದವಿಯನ್ನೂ ಪಡೆದರು. ಭೌತವಿಜ್ಞಾನದ ಅಳತೆ, ರಸಾಯನವಿಜ್ಞಾನದ ವಿಶ್ಲೇಷಣೆ, ವೈದ್ಯದ ಪ್ರಶ್ನೆ ಈ ಮೂರೂ ಅವರ ಕೆಲಸದಲ್ಲಿ ಒಂದಾದವು.

1908ರಲ್ಲಿ ಅವರು ಇಟಲಿಯ ನೇಪಲ್ಸ್‌ನ ಕಡಲಜೀವಿ ಸಂಶೋಧನಾಲಯದಲ್ಲಿ ಸೀ ಅರ್ಚಿನ್ ಎಂಬ ಮುಳ್ಳುಮೈಯ ಪ್ರಾಣಿಯ ಮೊಟ್ಟೆಗಳನ್ನು ಪರೀಕ್ಷಿಸಿದರು. ಮೊಟ್ಟೆ ಫಲಿತಗೊಂಡು ಬೆಳೆಯತೊಡಗಿದಾಗ ಅದು ಬಳಸುವ ಆಮ್ಲಜನಕ ಸುಮಾರು ಆರು ಪಟ್ಟು ಹೆಚ್ಚಾಗುವುದು ಕಂಡುಬಂತು. ಬೆಳವಣಿಗೆಗೆ ಶಕ್ತಿ ಬೇಕು, ಶಕ್ತಿಗೆ ಆಮ್ಲಜನಕ ಬೇಕು ಎಂಬ ವಿವರಣೆ ಸಹಜವಾಗಿತ್ತು. 1913ರಲ್ಲಿ ಯಕೃತ್ತಿನ ಕೋಶಗಳ ಉಸಿರಾಟವು ಅವುಗಳೊಳಗಿನ ಸೂಕ್ಷ್ಮ ಕಣಗಳಿಗೆ ಅಂಟಿಕೊಂಡಿದೆ ಎಂಬುದನ್ನೂ ಅವರು ಗಮನಿಸಿದರು. ಆ ಕಣಗಳಿಗೆ ಕಾರ್ಲ್ ಬೆಂಡಾ ಎಂಬ ಜರ್ಮನ್ ವಿಜ್ಞಾನಿ 1898ರಲ್ಲಿಯೇ ಮೈಟೋಕಾಂಡ್ರಿಯ ಎಂಬ ಹೆಸರು ಕೊಟ್ಟಿದ್ದರೂ ಅವುಗಳ ಕೆಲಸ ಏನೆಂಬುದು ಸ್ಪಷ್ಟವಾಗಿರಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದು ಮರಳಿದ ಮೇಲೆ ವಾರ್ಬರ್ಗ್ ಬರ್ಲಿನ್ನಿನಲ್ಲಿ ಕೆಲಸ ಮುಂದುವರಿಸಿದರು. 1923ರಲ್ಲಿ ಅವರು ಕೈಗೆತ್ತಿಕೊಂಡ ಪ್ರಶ್ನೆ ಸರಳವಾದುದು. ಫಲಿತ ಮೊಟ್ಟೆಯಂತೆ ಕ್ಯಾನ್ಸರ್ ಗಡ್ಡೆಯೂ ಬೇಗ ಬೆಳೆಯುತ್ತದೆ. ಹಾಗಿದ್ದರೆ ಅದೂ ಹೆಚ್ಚು ಆಮ್ಲಜನಕ ಬಳಸಬೇಕಲ್ಲವೇ?

ಅಳತೆಯ ವಿಧಾನ

ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಗಡ್ಡೆಯ ಉಸಿರಾಟವನ್ನು ಪಾತ್ರೆಯೊಂದರಲ್ಲಿ ಅಳೆಯಬೇಕಾಗಿತ್ತು. ಅಂಗಾಂಶವನ್ನು ಅರೆದರೆ ಕೋಶಗಳು ಒಡೆಯುತ್ತವೆ. ದಪ್ಪ ತುಂಡಾಗಿ ಇಟ್ಟರೆ ಒಳಗಿನ ಕೋಶಗಳಿಗೆ ಆಮ್ಲಜನಕ ತಲುಪುವುದಿಲ್ಲ. ವಾರ್ಬರ್ಗ್ ಅಂಗಾಂಶವನ್ನು ಅರ್ಧ ಮಿಲಿಮೀಟರಿಗಿಂತ ತೆಳುವಾದ ಹಾಳೆಗಳಾಗಿ ಕತ್ತರಿಸಿದರು. ಎಷ್ಟು ತೆಳುವಾಗಿದ್ದರೆ ನಡುವಿನ ಕೋಶಕ್ಕೂ ಆಮ್ಲಜನಕ ಸೇರುತ್ತದೆ ಎಂಬುದನ್ನು ಅವರು ಮೊದಲೇ ಲೆಕ್ಕಹಾಕಿದ್ದರು.

ಈ ಹಾಳೆಗಳನ್ನು ಗ್ಲೂಕೋಸ್ ಬೆರೆಸಿದ ಲವಣದ್ರಾವಣದಲ್ಲಿಟ್ಟು, ಚಿಕ್ಕ ಗಾಜಿನ ಪಾತ್ರೆಯನ್ನು ಮುಚ್ಚಿ, ದೇಹದ ಉಷ್ಣತೆಯಷ್ಟೇ ಬಿಸಿಯಾದ ನೀರಿನಲ್ಲಿ ಅಲುಗಾಡಿಸುತ್ತಿದ್ದರು. ಪಾತ್ರೆಗೆ ಜೋಡಿಸಿದ ಇಂಗ್ಲಿಷಿನ ಯು ಅಕ್ಷರದ ಆಕಾರದ ಕೊಳವೆಯಲ್ಲಿ ದ್ರವವೊಂದಿರುತ್ತಿತ್ತು. ಪಾತ್ರೆಯೊಳಗಿನ ಅನಿಲ ಕಡಿಮೆಯಾದರೆ ಅಥವಾ ಹೆಚ್ಚಾದರೆ ದ್ರವದ ಮಟ್ಟ ಬದಲಾಗುತ್ತಿತ್ತು. ಇದೇ ವಾರ್ಬರ್ಗ್ ಒತ್ತಡಮಾಪಕ.

ಇದರಲ್ಲಿ ಎರಡು ಬಗೆಯ ಅಳತೆ ಸಾಧ್ಯವಿತ್ತು. ಪಾತ್ರೆಯಲ್ಲಿ ಕ್ಷಾರವನ್ನಿಟ್ಟರೆ ಉಸಿರಾಟದಿಂದ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಅದು ಹೀರಿಕೊಳ್ಳುತ್ತದೆ. ಆಗ ಕಡಿಮೆಯಾಗುವ ಅನಿಲವೆಲ್ಲ ಕೋಶಗಳು ಬಳಸಿದ ಆಮ್ಲಜನಕ. ಕ್ಷಾರದ ಬದಲು ದ್ರಾವಣದಲ್ಲಿ ಬೈಕಾರ್ಬನೇಟ್ ಇದ್ದರೆ, ಕೋಶಗಳು ಹೊರಬಿಟ್ಟ ಲ್ಯಾಕ್ಟಿಕ್ ಆಮ್ಲ ಅದರೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡನ್ನು ಬಿಡಿಸುತ್ತದೆ. ಹೀಗೆ ಹೆಚ್ಚಾದ ಅನಿಲದಿಂದ, ಉಸಿರಾಟದ ಪಾಲನ್ನು ಲೆಕ್ಕದಲ್ಲಿ ಬೇರ್ಪಡಿಸಿದ ಮೇಲೆ, ಹುದುಗುವಿಕೆಯ ಪ್ರಮಾಣ ತಿಳಿಯುತ್ತದೆ.

ಪಾತ್ರೆ ಹೇಳಿದ ಉತ್ತರ

ಫಲಿತಾಂಶ ನಿರೀಕ್ಷೆಗೆ ವಿರುದ್ಧವಾಗಿತ್ತು. ಇಲಿಯ ಗಡ್ಡೆಯ ಹಾಳೆಗಳು ಬಳಸಿದ ಆಮ್ಲಜನಕ ಸಾಮಾನ್ಯ ಅಂಗಾಂಶಗಳಿಗಿಂತ ಹೆಚ್ಚೇನೂ ಇರಲಿಲ್ಲ. ಆದರೆ ಅವು ಲ್ಯಾಕ್ಟಿಕ್ ಆಮ್ಲವನ್ನು ಅಪಾರವಾಗಿ ಹೊರಬಿಡುತ್ತಿದ್ದವು. ಅದೂ ಆಮ್ಲಜನಕ ಸಾಕಷ್ಟು ಇರುವಾಗಲೇ! ಆಮ್ಲಜನಕ ದೊರೆತೊಡನೆ ಸಾಮಾನ್ಯ ಕೋಶಗಳಲ್ಲಿ ಹುದುಗುವಿಕೆ ಬಹುಮಟ್ಟಿಗೆ ನಿಲ್ಲುತ್ತದೆ ಎಂಬುದು ಲೂಯಿ ಪಾಶ್ಚರ್ ಅವರ ಕಾಲದಿಂದ ತಿಳಿದಿತ್ತು. ಗಡ್ಡೆಯ ಕೋಶಗಳಲ್ಲಿ ಅದು ನಿಲ್ಲಲಿಲ್ಲ.

ಇದು ಪಾತ್ರೆಯೊಳಗಿನ ವಿಚಿತ್ರ ಮಾತ್ರವೇ ಎಂಬ ಸಂಶಯಕ್ಕೂ ಬೇಗನೆ ಉತ್ತರ ದೊರೆಯಿತು. ಅಮೆರಿಕದಲ್ಲಿ ಕಾರ್ಲ್ ಕೋರಿ ಮತ್ತು ಗರ್ಟಿ ಕೋರಿ ದಂಪತಿಗಳು 1925ರಲ್ಲಿ ಒಂದು ರೆಕ್ಕೆಯಲ್ಲಿ ಮಾತ್ರ ಗಡ್ಡೆಯಿದ್ದ ಕೋಳಿಗಳನ್ನು ಪರೀಕ್ಷಿಸಿ, ಎರಡೂ ರೆಕ್ಕೆಗಳಿಂದ ಮರಳುವ ರಕ್ತವನ್ನು ಹೋಲಿಸಿದರು. ಗಡ್ಡೆಯಿದ್ದ ಕಡೆಯ ರಕ್ತದಲ್ಲಿ ಗ್ಲೂಕೋಸು ಕಡಿಮೆ, ಲ್ಯಾಕ್ಟಿಕ್ ಆಮ್ಲ ಹೆಚ್ಚು. ವಾರ್ಬರ್ಗ್ ಅವರ ತಂಡವೂ 1927ರಲ್ಲಿ ಜೀವಂತ ಇಲಿಗಳಲ್ಲಿ ಇದನ್ನೇ ಕಂಡಿತು. ಈ ವಿದ್ಯಮಾನಕ್ಕೆ ವಾರ್ಬರ್ಗ್ ಪರಿಣಾಮ ಎಂಬ ಹೆಸರು ಬಂದದ್ದು ಬಹಳ ತಡವಾಗಿ, 1972ರಲ್ಲಿ. ಹೆಸರಿಟ್ಟವರು ಎಫ್ರೇಮ್ ರಾಕರ್.

ಅಳತೆಯಿಂದ ತೀರ್ಮಾನಕ್ಕೆ

ಇಲ್ಲಿಯವರೆಗಿನದು ಅಳತೆ. ಇನ್ನು ಮುಂದಿನದು ತೀರ್ಮಾನ. ಆಮ್ಲಜನಕ ಇದ್ದರೂ ಕೋಶವು ಹುದುಗುವಿಕೆಯನ್ನು ಏಕೆ ಬಿಡುವುದಿಲ್ಲ? ಅದರ ಉಸಿರಾಟದ ಯಂತ್ರ ಕೆಟ್ಟಿರಬೇಕು ಎಂದು ವಾರ್ಬರ್ಗ್ ಉತ್ತರಿಸಿದರು. ಯಂತ್ರ ಕೆಟ್ಟ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ. ಹುದುಗುವಿಕೆಯಿಂದ ಬದುಕಲು ಕಲಿತ ಕೆಲವು ಉಳಿದು ಕ್ಯಾನ್ಸರ್ ಕೋಶಗಳಾಗುತ್ತವೆ. ಅಂದರೆ ಉಸಿರಾಟದ ಹಾನಿಯೇ ಎಲ್ಲ ಕ್ಯಾನ್ಸರುಗಳ ಮೂಲ ಕಾರಣ ಎಂಬುದು ಅವರ ಸಿದ್ಧಾಂತ. 1956ರಲ್ಲಿ ಅಮೆರಿಕದ ಸೈನ್ಸ್ ಪತ್ರಿಕೆಯಲ್ಲಿ ಅವರು ಇದನ್ನು ಯಾವ ಹಿಂಜರಿಕೆಯೂ ಇಲ್ಲದೆ ಮಂಡಿಸಿದರು. 1970ರಲ್ಲಿ ನಿಧನರಾಗುವವರೆಗೂ ಅದನ್ನು ಬಿಟ್ಟುಕೊಡಲಿಲ್ಲ.

ಅದೇ ವರ್ಷ ಅದೇ ಪತ್ರಿಕೆಯಲ್ಲಿ ಸಿಡ್ನಿ ವೈನ್‌ಹೌಸ್ ಎಂಬ ಅಮೆರಿಕನ್ ವಿಜ್ಞಾನಿ ಉತ್ತರ ಬರೆದರು. ವಿಕಿರಣಶೀಲ ಇಂಗಾಲದ ಗುರುತು ಹಾಕಿದ ಗ್ಲೂಕೋಸು ಮತ್ತು ಕೊಬ್ಬಿನ ಆಮ್ಲಗಳನ್ನು ಗಡ್ಡೆಗಳಿಗೆ ಕೊಟ್ಟು ನೋಡಿದಾಗ, ಅವು ಸಾಮಾನ್ಯ ಅಂಗಾಂಶಗಳಂತೆಯೇ ಉತ್ಕರ್ಷಣಗೊಂಡು ಇಂಗಾಲದ ಡೈಆಕ್ಸೈಡ್ ಆಗುತ್ತಿದ್ದವು. ಬ್ರಿಟನ್ ಚಾನ್ಸ್ ಅವರು ಬೆಳಕಿನ ಹೀರಿಕೆಯನ್ನು ಅಳೆದು, ಕ್ಯಾನ್ಸರ್ ಕೋಶಗಳಲ್ಲಿಯೂ ಉಸಿರಾಟದ ಕಿಣ್ವಗಳು ಕೆಲಸ ಮಾಡುತ್ತಿರುವುದನ್ನು ತೋರಿಸಿದರು. ಅಷ್ಟೇ ಅಲ್ಲ, ಕಣ್ಣಿನ ಅಕ್ಷಿಪಟಲದಂಥ ಆರೋಗ್ಯಕರ ಅಂಗಾಂಶವೂ ಆಮ್ಲಜನಕವಿರುವಾಗಲೇ ಲ್ಯಾಕ್ಟಿಕ್ ಆಮ್ಲವನ್ನು ಹೊರಬಿಡುತ್ತದೆ. ಸೋಂಕಿನ ವಿರುದ್ಧ ಹೋರಾಡಲು ಬೇಗಬೇಗ ವಿಭಜನೆಯಾಗುವ ಬಿಳಿ ರಕ್ತಕೋಶಗಳೂ ಹೀಗೆಯೇ ಮಾಡುತ್ತವೆ. ಅವುಗಳ ಮೈಟೋಕಾಂಡ್ರಿಯ ಕೆಟ್ಟಿಲ್ಲ.

ಹಾಗಾದರೆ ಕಾರಣವೇನು? ಇದಕ್ಕೆ ಇಂದಿನ ವಿವರಣೆಯನ್ನು ಮನೆ ಕಟ್ಟುವವರ ಉದಾಹರಣೆಯಿಂದ ಹೇಳಬಹುದು. ಅಂಗಳದಲ್ಲಿ ಮರದ ರಾಶಿ ಇದೆ. ಒಲೆಗೆ ಹಾಕಿದರೆ ಅದು ಬೆಂಕಿ ಕೊಡುತ್ತದೆ. ಮನೆ ಕಟ್ಟುತ್ತಿರುವವರು ಮರವನ್ನೆಲ್ಲ ಒಲೆಗೆ ಹಾಕಿದರೆ ಬಾಗಿಲಿಗೂ ತೊಲೆಗೂ ಏನೂ ಉಳಿಯುವುದಿಲ್ಲ. ವಿಭಜನೆಯಾಗುವ ಕೋಶಕ್ಕೆ ಶಕ್ತಿಯಷ್ಟೇ ಸಾಲದು. ಹೊಸ ಡಿಎನ್‌ಎ, ಹೊಸ ಪ್ರೋಟೀನು, ಹೊಸ ಪೊರೆ ಬೇಕು. ಗ್ಲೈಕೋಲಿಸಿಸ್ ದಾರಿಯ ನಡುನಡುವೆ ಇವುಗಳಿಗೆ ಬೇಕಾದ ಕಚ್ಚಾವಸ್ತುಗಳು ಕವಲೊಡೆಯುತ್ತವೆ. ಅನೇಕ ಕ್ಯಾನ್ಸರುಗಳಲ್ಲಿ ಬೆಳವಣಿಗೆಯ ಸಂಕೇತ ಕೊಡುವ ಜೀನುಗಳು ಹದ್ದುಮೀರಿ, ಹೆಚ್ಚು ಗ್ಲೂಕೋಸನ್ನು ಒಳಗೆಳೆದುಕೊಳ್ಳುವಂತೆ ಕೋಶಕ್ಕೆ ಆಜ್ಞೆ ಕೊಡುತ್ತವೆ. ಹೀಗಾಗಿ ಹುದುಗುವಿಕೆಯ ಹೆಚ್ಚಳ ಬಹುತೇಕ ಈ ಆಜ್ಞೆಯ ಫಲ. ಮುರಿದ ಯಂತ್ರದ ಲಕ್ಷಣವಲ್ಲ. ಈ ಉದಾಹರಣೆಗೂ ಮಿತಿಯಿದೆ ಎಂಬುದನ್ನು ಶಿಕ್ಷಕರು ತಿಳಿಸಬೇಕು: ಒಳಗೆ ಬಂದ ಗ್ಲೂಕೋಸಿನ ದೊಡ್ಡ ಪಾಲು ಲ್ಯಾಕ್ಟಿಕ್ ಆಮ್ಲವಾಗಿ ಹೊರಹೋಗುತ್ತದೆ. ಅಷ್ಟೊಂದು ವ್ಯಯಕ್ಕೆ ಪೂರ್ಣ ಕಾರಣವೇನೆಂಬ ಚರ್ಚೆ ವಿಜ್ಞಾನಿಗಳ ನಡುವೆ ಇನ್ನೂ ನಡೆದಿದೆ.

ಮೈಟೋಕಾಂಡ್ರಿಯ ಕ್ಯಾನ್ಸರಿಗೂ ಬೇಕು

ಮೈಟೋಕಾಂಡ್ರಿಯ ಉಸಿರಾಟದ ಸ್ಥಾನ ಎಂಬುದನ್ನು 1948–49ರಲ್ಲಿ ಯೂಜೀನ್ ಕೆನಡಿ ಮತ್ತು ಆಲ್ಬರ್ಟ್ ಲೆನಿಂಜರ್ ಸ್ಥಾಪಿಸಿದರು. ಅದಕ್ಕೆ ತನ್ನದೇ ಆದ ಚಿಕ್ಕ ಡಿಎನ್‌ಎ ಇದೆ. ಮಾನವರಲ್ಲಿ ಅದರ ಉದ್ದ 16,569 ಪ್ರತ್ಯಾಮ್ಲ ಜೋಡಿಗಳು. ಅದರಲ್ಲಿರುವ ಜೀನುಗಳು 37. ಈ ಡಿಎನ್‌ಎಯನ್ನು ಕಳೆದುಬಿಟ್ಟರೆ ಕೋಶದ ಉಸಿರಾಟ ನಿಲ್ಲುತ್ತದೆ. ವಾರ್ಬರ್ಗ್ ಅವರ ಸಿದ್ಧಾಂತವನ್ನು ಪರೀಕ್ಷಿಸಲು ಇದು ಒಳ್ಳೆಯ ಮಾರ್ಗವಾಯಿತು. ಉಸಿರಾಟದ ಹಾನಿಯೇ ಕ್ಯಾನ್ಸರಿನ ಮೂಲವಾದರೆ, ಉಸಿರಾಟವೇ ಇಲ್ಲದ ಕ್ಯಾನ್ಸರ್ ಕೋಶ ಸುಲಭವಾಗಿ ಬೆಳೆಯಬೇಕು.

ಆದದ್ದು ಬೇರೆ. ನ್ಯೂಜಿಲೆಂಡಿನ ಮೈಕ್ ಬೆರಿಜ್ ಅವರ ತಂಡ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೈಟೋಕಾಂಡ್ರಿಯದ ಡಿಎನ್‌ಎ ಇಲ್ಲದ ಕ್ಯಾನ್ಸರ್ ಕೋಶಗಳನ್ನು ಇಲಿಗಳಲ್ಲಿಟ್ಟಾಗ ಗಡ್ಡೆ ಬೆಳೆಯಲು ಬಹಳ ತಡವಾಯಿತು. ಕೊನೆಗೆ ಬೆಳೆದ ಗಡ್ಡೆಯ ಕೋಶಗಳಲ್ಲಿ ಇಲಿಯ ಆರೋಗ್ಯಕರ ಕೋಶಗಳಿಂದ ಬಂದ ಮೈಟೋಕಾಂಡ್ರಿಯದ ಡಿಎನ್‌ಎ ಕಂಡುಬಂತು. ಅಂದರೆ ಉಸಿರಾಟವನ್ನು ಕಳೆದುಕೊಂಡಿದ್ದ ಕ್ಯಾನ್ಸರ್ ಕೋಶ ಅದನ್ನು ನೆರೆಯವರಿಂದ ಪಡೆದು ಬೆಳೆದಿತ್ತು. ಅದೇ ವರ್ಷ ಅಮೆರಿಕದ ಎರಡು ತಂಡಗಳು ಇದಕ್ಕೆ ಒಂದು ಮುಖ್ಯ ಕಾರಣವನ್ನು ತೋರಿಸಿಕೊಟ್ಟವು: ಡಿಎನ್‌ಎ ಕಟ್ಟಲು ಬೇಕಾದ ಆಸ್ಪಾರ್ಟೇಟ್ ಎಂಬ ವಸ್ತುವಿನ ತಯಾರಿಕೆಗೆ ಉಸಿರಾಟ ಅವಶ್ಯ.

ಹಾಗೆಂದು ವಾರ್ಬರ್ಗ್ ಅವರ ಊಹೆ ಎಲ್ಲೆಡೆಯೂ ಸುಳ್ಳಾಯಿತೆಂದೂ ಹೇಳಲಾಗದು. ಕೆಲವು ವಿರಳ ಕ್ಯಾನ್ಸರುಗಳಲ್ಲಿ ಮೈಟೋಕಾಂಡ್ರಿಯದ ದೋಷವೇ ಮೂಲವಾಗಿರುವುದು ಕಂಡುಬಂದಿದೆ. ಹಾನ್ಸ್ ಕ್ರೆಬ್ಸ್ ಅವರು 1926ರಿಂದ 1930ರವರೆಗೆ ವಾರ್ಬರ್ಗ್ ಅವರ ಪ್ರಯೋಗಾಲಯದಲ್ಲಿ ಕಲಿತು, ಅಲ್ಲಿಯ ವಿಧಾನಗಳನ್ನೇ ಬಳಸಿ 1937ರಲ್ಲಿ ಸಿಟ್ರಿಕ್ ಆಮ್ಲ ಚಕ್ರವನ್ನು ಗುರುತಿಸಿದ್ದರು. ಆ ಚಕ್ರದ ಸಕ್ಸಿನೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಜೀನಿನಲ್ಲಿ ಉತ್ಪರಿವರ್ತನೆಯಾದರೆ ಆನುವಂಶಿಕವಾದ ಒಂದು ಬಗೆಯ ಗಡ್ಡೆ ಬರುತ್ತದೆ ಎಂದು 2000ದಲ್ಲಿ ತಿಳಿಯಿತು. ಫ್ಯೂಮರೇಟ್ ಹೈಡ್ರಟೇಸ್ ಎಂಬ ಇನ್ನೊಂದು ಕಿಣ್ವದ ದೋಷಕ್ಕೂ ಮೂತ್ರಪಿಂಡದ ಒಂದು ಬಗೆಯ ಕ್ಯಾನ್ಸರಿಗೂ ಇರುವ ಸಂಬಂಧ 2002ರಲ್ಲಿ ಹೊರಬಂತು. ಇಲ್ಲಿಯೂ ಶಕ್ತಿಯ ಕೊರತೆ ಮುಖ್ಯವಲ್ಲ. ಮುಂದೆ ಸಾಗದೆ ರಾಶಿಬಿದ್ದ ಸಕ್ಸಿನೇಟ್ ಮತ್ತು ಫ್ಯೂಮರೇಟ್ ಅಣುಗಳು ಜೀನುಗಳ ನಿಯಂತ್ರಣವನ್ನು ಕೆಡಿಸುತ್ತವೆ. 2008ರಲ್ಲಿ ಮಿದುಳಿನ ಗಡ್ಡೆಗಳಲ್ಲಿ ಐಡಿಎಚ್ ಎಂಬ ಕಿಣ್ವದ ಉತ್ಪರಿವರ್ತನೆ ಪತ್ತೆಯಾಯಿತು. ಬದಲಾದ ಕಿಣ್ವವು ಹೊಸದೊಂದು ಹಾನಿಕರ ವಸ್ತುವನ್ನು ತಯಾರಿಸುತ್ತದೆ ಎಂದು ಮರುವರ್ಷ ತಿಳಿಯಿತು. ಅದನ್ನು ತಡೆಯುವ ಔಷಧಗಳು 2017 ಮತ್ತು 2018ರಲ್ಲಿ ಒಂದು ಬಗೆಯ ರಕ್ತಕ್ಯಾನ್ಸರಿಗೆ ಅಮೆರಿಕದಲ್ಲಿ ಅನುಮತಿ ಪಡೆದವು.

ಆಸ್ಪತ್ರೆಯಲ್ಲಿ ವಾರ್ಬರ್ಗ್ ಅಳತೆ

ತೀರ್ಮಾನ ತಿದ್ದುಪಡಿಗೊಂಡರೂ ಅಳತೆ ಉಳಿಯಿತು ಎಂಬುದಕ್ಕೆ ಪೆಟ್ ಸ್ಕ್ಯಾನ್ ಪ್ರತ್ಯಕ್ಷ ಸಾಕ್ಷಿ. ರೋಗಿಯ ರಕ್ತಕ್ಕೆ ಗ್ಲೂಕೋಸನ್ನು ಹೋಲುವ, ವಿಕಿರಣಶೀಲ ಫ್ಲೋರಿನ್ ಸೇರಿಸಿದ ವಸ್ತುವೊಂದನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಡುತ್ತಾರೆ. ಗ್ಲೂಕೋಸನ್ನು ಹೆಚ್ಚಾಗಿ ಎಳೆದುಕೊಳ್ಳುವ ಕೋಶಗಳು ಇದನ್ನೂ ಎಳೆದುಕೊಳ್ಳುತ್ತವೆ; ಆದರೆ ಮೊದಲ ಹೆಜ್ಜೆಯ ನಂತರ ಮುಂದೆ ಸಾಗಿಸಲಾರವು. ವಸ್ತು ಕೋಶದೊಳಗೇ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಹೊಮ್ಮುವ ಕಿರಣಗಳನ್ನು ಯಂತ್ರ ಗ್ರಹಿಸಿ ಚಿತ್ರ ಕೊಡುತ್ತದೆ. ಈ ಫ್ಲೋರಿನ್ನಿನ ಅರ್ಧಾಯುಷ್ಯ ಸುಮಾರು 110 ನಿಮಿಷ. ಮಾನವರಲ್ಲಿ ಇದರ ಮೊದಲ ಬಳಕೆ 1976ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ನಡೆಯಿತು.

ಚಿತ್ರದಲ್ಲಿ ಹೊಳೆಯುವುದೆಲ್ಲ ಕ್ಯಾನ್ಸರ್ ಅಲ್ಲ. ಮಿದುಳು ಸದಾ ಗ್ಲೂಕೋಸ್ ಬಳಸುವುದರಿಂದ ಹೊಳೆಯುತ್ತದೆ. ಕ್ಷಯದ ಗಂಟೂ ಹೊಳೆಯಬಹುದು. ಹೊಳೆಯದ ಕ್ಯಾನ್ಸರುಗಳೂ ಇವೆ. ಆದ್ದರಿಂದ ವೈದ್ಯರು ಇತರ ಪರೀಕ್ಷೆಗಳೊಡನೆ ಸೇರಿಸಿ ಮಾತ್ರ ಇದನ್ನು ಓದುತ್ತಾರೆ.

ತರಗತಿಯ ಚಟುವಟಿಕೆಗಳು

ಒಂದನೆಯದು: ಮೊಳಕೆ ಕಾಳಿನ ಉಸಿರಾಟ. ಶಂಕುವಿನಾಕಾರದ ಗಾಜಿನ ಪಾತ್ರೆಯಲ್ಲಿ ಮೊಳಕೆ ಬಂದ ಹೆಸರುಕಾಳು ಅಥವಾ ಕಡಲೆಯನ್ನು ಹಾಕಿ, ಚಿಕ್ಕ ನಳಿಕೆಯಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ದಾರದಿಂದ ತೂಗಬಿಟ್ಟು, ಬಿರಡೆಯ ಮೂಲಕ ಬಾಗಿದ ಕೊಳವೆಯೊಂದನ್ನು ಬಣ್ಣದ ನೀರಿನಲ್ಲಿ ಅದ್ದಬೇಕು. ಒಂದೆರಡು ಗಂಟೆಗಳಲ್ಲಿ ಕೊಳವೆಯೊಳಗೆ ನೀರು ಏರುತ್ತದೆ. ಬಹುತೇಕ ಶಾಲೆಗಳಲ್ಲಿ ಮಾಡುವ ಪ್ರಯೋಗವೇ ಇದು. ವಾರ್ಬರ್ಗ್ ಒತ್ತಡಮಾಪಕದ ತತ್ತ್ವವೂ ಇದೇ ಎಂಬುದನ್ನು ಇಲ್ಲಿ ತಿಳಿಸಬೇಕು. ಹೋಲಿಕೆಗೆ ಬೇಯಿಸಿ ತಣಿಸಿದ ಕಾಳಿನ ಇನ್ನೊಂದು ಪಾತ್ರೆ ಇರಲಿ. ಕ್ಷಾರವಿಲ್ಲದಿದ್ದರೆ ನೀರಿನ ಮಟ್ಟ ಏಕೆ ಹೆಚ್ಚು ಬದಲಾಗುವುದಿಲ್ಲ ಎಂದು ವಿದ್ಯಾರ್ಥಿಗಳೇ ಯೋಚಿಸಿ ಹೇಳಲಿ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚರ್ಮವನ್ನು ಸುಡುವುದರಿಂದ ಶಿಕ್ಷಕರೇ ಅದನ್ನು ನಿರ್ವಹಿಸಬೇಕು.

ಎರಡನೆಯದು: ಹುಳಿಯನ್ನು ಅನಿಲವಾಗಿ ಅಳೆಯುವುದು. ಎರಡು ಸಮಾನ ಬಾಟಲಿಗಳಲ್ಲಿ ಒಂದಕ್ಕೆ ತಾಜಾ ಹಾಲು, ಇನ್ನೊಂದಕ್ಕೆ ಅಷ್ಟೇ ಪ್ರಮಾಣದ, ಎರಡು ಮೂರು ದಿನ ಹುಳಿಯಾದ ಮಜ್ಜಿಗೆ ಹಾಕಬೇಕು. ಎರಡು ಬಲೂನುಗಳಲ್ಲಿ ಒಂದೊಂದು ಚಮಚ ಅಡುಗೆ ಸೋಡ ತುಂಬಿ, ಬಾಟಲಿಯ ಬಾಯಿಗೆ ಬಿಗಿದು, ಸೋಡ ಒಳಗೆ ಬೀಳುವಂತೆ ಎತ್ತಬೇಕು. ಹುಳಿಮಜ್ಜಿಗೆಯ ಬಲೂನು ಉಬ್ಬುತ್ತದೆ. ಹಾಲಿನದು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಮಜ್ಜಿಗೆಯ ಹುಳಿ ಲ್ಯಾಕ್ಟಿಕ್ ಆಮ್ಲ. ಅಡುಗೆ ಸೋಡ ಬೈಕಾರ್ಬನೇಟ್. ವಾರ್ಬರ್ಗ್ ತಮ್ಮ ಪಾತ್ರೆಯಲ್ಲಿ ಗಡ್ಡೆಯ ಆಮ್ಲವನ್ನು ಅಳೆದದ್ದು ಇದೇ ಕ್ರಿಯೆಯ ಮೂಲಕ.

ಮೂರನೆಯದು: ಎರಡು ಅಂಕಣಗಳ ಪಟ್ಟಿ. ಕಪ್ಪುಹಲಗೆಯ ಮೇಲೆ ಅಳೆದದ್ದು, ಊಹಿಸಿದ್ದು ಎಂಬ ಎರಡು ಅಂಕಣ ಬರೆದು, ಈ ಪಾಠದ ವಾಕ್ಯಗಳನ್ನು ಒಂದೊಂದಾಗಿ ಓದಿ ಯಾವ ಅಂಕಣಕ್ಕೆ ಸೇರಬೇಕೆಂದು ಚರ್ಚಿಸಬೇಕು. ಗಡ್ಡೆಯ ಹಾಳೆ ಆಮ್ಲಜನಕವಿದ್ದರೂ ಲ್ಯಾಕ್ಟಿಕ್ ಆಮ್ಲ ಬಿಟ್ಟಿತು ಎಂಬುದು ಮೊದಲನೆಯದಕ್ಕೆ, ಅದರ ಉಸಿರಾಟದ ಯಂತ್ರ ಕೆಟ್ಟಿದೆ ಎಂಬುದು ಎರಡನೆಯದಕ್ಕೆ ಸೇರುತ್ತದೆ. ಊಹಿಸುವುದು ತಪ್ಪಲ್ಲ, ಊಹೆಯಿಲ್ಲದೆ ಹೊಸ ಪ್ರಯೋಗ ಹುಟ್ಟುವುದಿಲ್ಲ ಎಂಬ ಮಾತನ್ನೂ ಸೇರಿಸಬೇಕು. ವಾರ್ಬರ್ಗ್ ಅವರ ಊಹೆ ಸರಿಯಾಗಿರದಿದ್ದರೂ ಅದನ್ನು ಪರೀಕ್ಷಿಸುವ ಪ್ರಯತ್ನದಿಂದಲೇ ಮುಂದಿನ ತಿಳಿವಳಿಕೆ ಬೆಳೆಯಿತು.

ಊರಿನಲ್ಲಿ ಕೇಳಿಬರುವ ಮಾತುಗಳಿಗೆ ಉತ್ತರ

ಕ್ಯಾನ್ಸರಿಗೆ ಕಾರಣ ಕಂಡುಹಿಡಿದದ್ದಕ್ಕೆ ವಾರ್ಬರ್ಗ್ ಅವರಿಗೆ ನೊಬೆಲ್ ಬಂತು ಎಂಬ ಮಾತು: ಇದು ಸರಿಯಲ್ಲ. 1931ರಲ್ಲಿ ಅವರಿಗೆ ನೊಬೆಲ್ ಬಂದದ್ದು ಉಸಿರಾಟದ ಕಿಣ್ವದ ಸ್ವರೂಪ ಮತ್ತು ಕಾರ್ಯವಿಧಾನವನ್ನು ಕಂಡುಹಿಡಿದದ್ದಕ್ಕೆ.

ಸಕ್ಕರೆ ಬಿಟ್ಟರೆ ಗಡ್ಡೆ ಉಪವಾಸ ಬಿದ್ದು ಸಾಯುತ್ತದೆ ಎಂಬ ಮಾತು: ಮಿತವಾದ ಸಕ್ಕರೆ ಎಲ್ಲರಿಗೂ ಒಳ್ಳೆಯದು. ಆದರೆ ಊಟದಲ್ಲಿ ಸಕ್ಕರೆ ಇಲ್ಲದಿದ್ದರೂ ಯಕೃತ್ತು ಇತರ ವಸ್ತುಗಳಿಂದ ಗ್ಲೂಕೋಸ್ ತಯಾರಿಸಿ ರಕ್ತದಲ್ಲಿ ಅದರ ಮಟ್ಟವನ್ನು ಕಾಯ್ದುಕೊಳ್ಳುತ್ತದೆ. ಗಡ್ಡೆ ಬಿಟ್ಟ ಲ್ಯಾಕ್ಟಿಕ್ ಆಮ್ಲವನ್ನೂ ಅದು ಮತ್ತೆ ಗ್ಲೂಕೋಸಾಗಿ ಪರಿವರ್ತಿಸಬಲ್ಲದು. ಕ್ಯಾನ್ಸರ್ ಕೋಶಗಳು ಗ್ಲುಟಮೈನ್ ಎಂಬ ಅಮೈನೊ ಆಮ್ಲವನ್ನೂ ಕೊಬ್ಬನ್ನೂ ಬಳಸುತ್ತವೆ. ಅನೇಕ ರೋಗಿಗಳಿಗೆ ತೂಕ ಇಳಿಯುವುದೇ ದೊಡ್ಡ ಅಪಾಯ. ಅನ್ನ, ಹಣ್ಣು, ಹಾಲನ್ನು ಭಯದಿಂದ ನಿಲ್ಲಿಸಿದರೆ ಚಿಕಿತ್ಸೆ ತಾಳುವ ಶಕ್ತಿ ಕುಗ್ಗುತ್ತದೆ. ಆಹಾರದ ಬದಲಾವಣೆ ವೈದ್ಯರ ಸಲಹೆಯಂತೆಯೇ ಆಗಬೇಕು.

ಕ್ಷಾರೀಯ ನೀರು ಅಥವಾ ಅಡುಗೆ ಸೋಡದಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ಮಾತು: ಗಡ್ಡೆಯ ಸುತ್ತ ಆಮ್ಲೀಯತೆ ಇರುವುದು ನಿಜ. ಅದು ಗಡ್ಡೆಯ ಚಟುವಟಿಕೆಯ ಪರಿಣಾಮ. ರಕ್ತದ ಪಿಎಚ್ ಮೌಲ್ಯವನ್ನು ಶ್ವಾಸಕೋಶ ಮತ್ತು ಮೂತ್ರಪಿಂಡಗಳು 7.35ರಿಂದ 7.45ರ ನಡುವೆ ಕಾಯುತ್ತವೆ. ಕುಡಿದ ನೀರು ಅದನ್ನು ಬದಲಿಸಲಾರದು. ಅತಿಯಾಗಿ ಸೋಡ ಸೇವಿಸಿದರೆ ಬೇರೆ ಅಪಾಯವಾಗಬಹುದು.

ಈ ವಿಷಯಗಳನ್ನು ಚರ್ಚಿಸುವಾಗ ಶಿಕ್ಷಕರು ಒಂದು ಎಚ್ಚರಿಕೆ ವಹಿಸಬೇಕು. ತರಗತಿಯಲ್ಲಿ ಕುಳಿತ ಯಾವುದೋ ಮಗುವಿನ ಮನೆಯಲ್ಲಿ ರೋಗಿಯಿರಬಹುದು; ಇಂಥ ಸಲಹೆಯೊಂದನ್ನು ಆ ಮನೆಯವರು ಅನುಸರಿಸುತ್ತಲೂ ಇರಬಹುದು. ನಂಬಿದವರನ್ನು ಹಾಸ್ಯ ಮಾಡದೆ, ಮಾತಿನ ಯಾವ ಭಾಗ ಅಳತೆಯಿಂದ ಬಂದದ್ದು, ಯಾವ ಭಾಗ ಸೇರಿಕೊಂಡದ್ದು ಎಂಬುದನ್ನು ಮಾತ್ರ ತೋರಿಸಬೇಕು. ಚಿಕಿತ್ಸೆಯ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆ ಶಿಕ್ಷಕರದಲ್ಲ. ಆಸ್ಪತ್ರೆಗೆ ಹೋಗುವುದನ್ನು ಮುಂದೂಡದಂತೆ ಹೇಳುವುದು ಸಾಕು.

ಪದಗಳ ಬಗ್ಗೆ

ಮೈಟೋಕಾಂಡ್ರಿಯ ಎಂಬ ಹೆಸರು ಗ್ರೀಕ್ ಭಾಷೆಯ ದಾರ ಮತ್ತು ಕಣ ಎಂಬ ಅರ್ಥದ ಎರಡು ಪದಗಳಿಂದ ಆದದ್ದು. ಮರಾಠಿ ಪಠ್ಯಗಳಲ್ಲಿ ಬಳಸುವ ತಂತುಕಣಿಕಾ ಎಂಬ ಪದ ಇದೇ ಅರ್ಥದ ಅನುವಾದ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ವಿದ್ಯಾರ್ಥಿಗಳಿಗೆ ಎರಡೂ ಪದಗಳನ್ನು ಒಟ್ಟಿಗೆ ತಿಳಿಸಿದರೆ ಮುಂದಿನ ತರಗತಿಗಳಲ್ಲಿ ಗೊಂದಲವಾಗುವುದಿಲ್ಲ. ಇತರ ರಾಜ್ಯಗಳ ಶಿಕ್ಷಕರೂ ತಮ್ಮ ರಾಜ್ಯಭಾಷೆಯ ಪಠ್ಯದಲ್ಲಿರುವ ಪದವನ್ನು ಕನ್ನಡ ಪದದ ಪಕ್ಕದಲ್ಲಿ ಬರೆಸುವುದು ಒಳ್ಳೆಯದು. ಉಸಿರಾಟ, ಶ್ವಸನ ಎರಡೂ ಒಂದೇ ಅರ್ಥದಲ್ಲಿ ಬಳಕೆಯಲ್ಲಿವೆ. ಹುದುಗುವಿಕೆ ಎಂಬ ಪದ ದೋಸೆ ಹಿಟ್ಟಿನ ಮೂಲಕ ಮಕ್ಕಳಿಗೆ ಮೊದಲೇ ಪರಿಚಿತವಾಗಿರುವುದರಿಂದ ಅದನ್ನೇ ಉಳಿಸಿಕೊಳ್ಳಬಹುದು.

ಮೌಲ್ಯಮಾಪನದ ಪ್ರಶ್ನೆಗಳು

1. ಶ್ವಾಸಕೋಶದ ಉಸಿರಾಟಕ್ಕೂ ಜೀವಕೋಶೀಯ ಉಸಿರಾಟಕ್ಕೂ ಇರುವ ವ್ಯತ್ಯಾಸವನ್ನು ಬರೆಯಿರಿ.
2. ವಾರ್ಬರ್ಗ್ ಅಂಗಾಂಶವನ್ನು ತೆಳುವಾದ ಹಾಳೆಗಳಾಗಿ ಕತ್ತರಿಸಿದ್ದೇಕೆ? ದಪ್ಪ ತುಂಡನ್ನು ಬಳಸಿದ್ದರೆ ಫಲಿತಾಂಶ ಹೇಗೆ ದಾರಿತಪ್ಪಿಸುತ್ತಿತ್ತು?
3. ಸೀ ಅರ್ಚಿನ್ ಮೊಟ್ಟೆಯ ಪ್ರಯೋಗದಿಂದ ವಾರ್ಬರ್ಗ್ ಗಡ್ಡೆಯ ಬಗ್ಗೆ ಏನನ್ನು ನಿರೀಕ್ಷಿಸಬಹುದಾಗಿತ್ತು? ಕಂಡದ್ದೇನು?
4. ಮೈಟೋಕಾಂಡ್ರಿಯದ ಡಿಎನ್‌ಎ ಇಲ್ಲದ ಕ್ಯಾನ್ಸರ್ ಕೋಶಗಳ ಪ್ರಯೋಗವು ವಾರ್ಬರ್ಗ್ ಅವರ ಅಳತೆಯನ್ನು ಅಲ್ಲಗಳೆಯುತ್ತದೆಯೇ, ಅವರ ತೀರ್ಮಾನವನ್ನೇ? ಕಾರಣ ಕೊಡಿ.
5. ಆರೋಗ್ಯದ ಬಗ್ಗೆ ಇತ್ತೀಚೆಗೆ ಕೇಳಿದ ಒಂದು ಮಾತನ್ನು ಬರೆದು, ಅದರಲ್ಲಿ ಅಳತೆಯಿಂದ ತಿಳಿಯಬಹುದಾದ ಭಾಗ ಯಾವುದು, ಊಹೆಯ ಭಾಗ ಯಾವುದು ಎಂದು ಗುರುತಿಸಿ.

ಐದನೆಯ ಪ್ರಶ್ನೆಗೆ ಒಂದೇ ಸರಿಯುತ್ತರ ಇರುವುದಿಲ್ಲ. ಆ ಮಾತನ್ನು ಪರೀಕ್ಷಿಸಲು ಯಾವ ಅಳತೆ ಬೇಕೆಂದು ವಿದ್ಯಾರ್ಥಿ ಬರೆದಿದ್ದರೆ ಅದಕ್ಕೆ ಪೂರ್ಣ ಅಂಕ ಕೊಡಬಹುದು.